ಕ್ಯಾಸೆಟ್ಟಿನಲ್ಲಿ ಕೇಳಿದ ಬಂಗಲೆ

ಶುಕ್ರವಾರ ಜುಮಾ ನಮಾಜು ಮುಗಿದು, ಊಟವಾಗಿ, ಗಂಡಸರು ನಿದ್ದೆಗೆ ಬೀಳುವ ಹೊತ್ತಿಗೆ ಸೌದಿಯ ದಮ್ಮಾಮಿನಲ್ಲಿ ನಾವು ಐದಾರು ಹೆಂಗಸರು ದೆವ್ವ ನೋಡಲಿಕ್ಕೆ ಸೇರುತ್ತಿದ್ದೆವು. ನನ್ನ ಗಂಡನಿಗೆ ಅದೊಂದು ತಮಾಷೆ. "ಅಜ್ಜಿಯಾಗುವ ಪ್ರಾಯದಲ್ಲಿ ನಿಮಗೆಲ್ಲ ಎಂತ ದೆವ್ವ ಮಾರಾಯ್ತಿ" ಅಂತ ಗೊಣಗುತ್ತಲೇ ಕಾರಿನಲ್ಲಿ ಬಿಟ್ಟು ಬರುತ್ತಿದ್ದರು. ಗೊಣಗದೆ ಮಾಡಿದ ಒಂದು ಕೆಲಸ ಅವರ ಜನ್ಮದಲ್ಲಿಲ್ಲ, ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾವು ನೋಡುತ್ತಿದ್ದದ್ದು ಬಂಗಲೆ ಸೀರಿಯಲ್. ಅದಕ್ಕೆ ಬೇರೆ ಉದ್ದದ ಹೆಸರಿತ್ತು, ಆದರೆ ಊರಿನಲ್ಲಿ ಯಾರೂ ಆ ಹೆಸರು ಹೇಳಿದವರಲ್ಲ. ಮೂವತ್ತು ವರ್ಷದ ಹಿಂದೆ ಟಿವಿಯಲ್ಲಿ ಬರುತ್ತಿತ್ತು, ಅದೂ ಮಧ್ಯಾಹ್ನ. ಮಧ್ಯಾಹ್ನ ದೆವ್ವ ಬರುವುದುಂಟಾ ಅಂತ ಕೇಳಬೇಡಿ. ಹೆಂಗಸರಿಗೆ ಬಿಡುವು ಸಿಗುವುದೇ ಆ ಅರ್ಧ ಗಂಟೆ, ದೆವ್ವಕ್ಕೂ ಅದು ಗೊತ್ತಿತ್ತು. ಬಡವರ ಮನೆಯ ಹುಡುಗಿಯೊಬ್ಬಳು ಮದುವೆಯಾಗಿ ಗುಡ್ಡದ ಮೇಲಿನ ದೊಡ್ಡ ಬಂಗಲೆಗೆ ಬರುತ್ತಾಳೆ. ಮಹಡಿಯ ಕೊನೆಯಲ್ಲಿ ಬೀಗ ಹಾಕಿದ ಕೋಣೆ, ಗಂಡನ ಮೊದಲ ಹೆಂಡತಿ ಸತ್ತದ್ದು ಅದರಲ್ಲಿ. ಗಂಡ ಮಾತಾಡುವುದಿಲ್ಲ, ಅತ್ತೆ ದೀಪ ಹಿಡಿದುಕೊಂಡು ತಿರುಗುತ್ತಾಳೆ. ಇಷ್ಟೇ ಕಥೆ. ಇದನ್ನೇ ಎರಡು ವರ್ಷ ಎಳೆದರು, ನಾವೂ ಎರಡು ವರ್ಷ ಉಗುರು ಕಚ್ಚಿಕೊಂಡು ಕೂತೆವು.

ಯಾರೋ ಪುಣ್ಯಾತ್ಮರು ಆ ಹಳೆಯ ಕಂತುಗಳನ್ನೆಲ್ಲ ಹುಡುಕಿ ಯೂಟ್ಯೂಬಿಗೆ ಹಾಕಿದ್ದರು. ಭಟ್ಕಳದ ಒಬ್ಬರು ಭಾಭಿಯ ಮನೆಯಲ್ಲಿ ಗೋಡೆಯಷ್ಟು ದೊಡ್ಡ ಟಿವಿ. ಅವರ ಮಾವನ ಕಾಲದಿಂದ ಇಲ್ಲಿ ವ್ಯಾಪಾರ, ಹಾಗಾಗಿ ಮನೆಯೂ ದೊಡ್ಡದು, ಮನಸ್ಸೂ ದೊಡ್ಡದು. ನಮ್ಮಲ್ಲಿ ಇನ್ನೊಬ್ಬರು ಉಡುಪಿ ಕಡೆಯ ಟೀಚರ್, ಇಲ್ಲಿಯ ಇಂಡಿಯನ್ ಶಾಲೆಯಲ್ಲಿ ಸಂಗೀತ ಕಲಿಸುವವರು. ಅವರಿಗೆ ಕಥೆಗಿಂತ ಹಿನ್ನೆಲೆಯ ಸಂಗೀತದ ಮೇಲೆ ಹುಚ್ಚು. ಬೀಗದ ಕೋಣೆಗೆ ಒಂದು ರಾಗ, ಅತ್ತೆಗೆ ಒಂದು, ಹುಡುಗಿ ತವರನ್ನು ನೆನೆಯುವಾಗ ಕೊಳಲಿನದ್ದು ಒಂದು. ದೃಶ್ಯ ಬರುವ ಮೊದಲೇ ಟೀಚರ್ ಗುಂಯ್‌ಗುಟ್ಟಲು ಶುರು. "ಈಗ ಅತ್ತೆ ಬರ್ತಾಳೆ ನೋಡಿ" ಅಂದರೆ ಅತ್ತೆ ಬಂದೇ ಬಂದಳು. ನಾವೆಲ್ಲ ಹೋ ಅಂತ ಕೂಗಿ, ಸುಲೈಮಾನಿ ಚಾ ಕುಡಿದು, ಮತ್ತೆ ಸುಮ್ಮನಾಗುತ್ತಿದ್ದೆವು.

ನಮ್ಮಲ್ಲಿ ನಾನೊಬ್ಬಳು ಮಾತ್ರ ಆ ಸೀರಿಯಲ್ಲನ್ನು ಹಿಂದೆ ನೋಡಿದವಳಲ್ಲ. ಕೇಳಿದವಳು. ನಾನು ಮದುವೆಯಾಗಿ ಇಲ್ಲಿಗೆ ಬಂದು ಎರಡು ತಿಂಗಳಾದ ಮೇಲೆ ಅದು ಊರಿನಲ್ಲಿ ಶುರುವಾಯಿತು. ಇಲ್ಲಿ ಕನ್ನಡ ಚಾನೆಲ್ ಎಲ್ಲಿಂದ ಬರಬೇಕು? ವಿಡಿಯೋ ಕ್ಯಾಸೆಟ್ ತರಿಸೋಣವೆಂದರೆ ಏರ್‌ಪೋರ್ಟಿನಲ್ಲಿ ನೂರು ಪ್ರಶ್ನೆ. ಆಗ ಮಂಗಳೂರಿನಲ್ಲಿದ್ದ ನನ್ನ ಅಕ್ಕ ಒಂದು ಉಪಾಯ ಮಾಡಿದಳು. ಟೇಪ್ ರೆಕಾರ್ಡರನ್ನು ಟಿವಿಯ ಎದುರು ಸ್ಟೂಲಿನ ಮೇಲಿಟ್ಟು ಗುಂಡಿ ಒತ್ತುವುದು. ರಜೆ ಮುಗಿಸಿ ಇಲ್ಲಿಗೆ ಬರುವ ಯಾರದ್ದಾದರೂ ಕೈಯಲ್ಲಿ ಒಣಮೀನು, ಉಪ್ಪಿನಕಾಯಿಯ ಜೊತೆ ಎರಡು ಕ್ಯಾಸೆಟ್ ಬರುತ್ತಿತ್ತು.

ಬರೀ ಸೀರಿಯಲ್ ಅಲ್ಲ. ನನಗೆ ಕಾಣುವುದಿಲ್ಲವಲ್ಲ ಅಂತ ಅಕ್ಕ ನಡುನಡುವೆ ನಮ್ಮ ಬ್ಯಾರಿ ಭಾಷೆಯಲ್ಲಿ ಪಿಸುಗುಟ್ಟಿ ಹೇಳುತ್ತಿದ್ದಳು. ಈಗ ಹುಡುಗಿ ಮೆಟ್ಟಿಲು ಹತ್ತುತ್ತಿದ್ದಾಳೆ. ಈಗ ಬೀಗ ಮುಟ್ಟಿದಳು. ಸೀರೆ ಹಸಿರು, ಚೆನ್ನಾಗಿಲ್ಲ. ಒಂದು ಸಲ "ಈ ಮುದುಕಿಗೆ ಕೊಡಬೇಕು ಎರಡು" ಅಂತ ಅತ್ತೆಗೆ ಬೈದದ್ದೂ ಅದರಲ್ಲಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಕಿಟಕಿಗೆ ಪರದೆ ಎಳೆದು, ಎಸಿಯ ಸದ್ದಿನಲ್ಲಿ ನಾನು ಅದನ್ನು ಹಾಕಿಕೊಂಡು ಕೂರುತ್ತಿದ್ದೆ. ಆ ಎರಡು ಕೋಣೆಯ ಫ್ಲಾಟಿನಲ್ಲಿ ನನಗೆ ಹುಚ್ಚು ಹಿಡಿಯದೆ ಇದ್ದದ್ದು ಅಕ್ಕನಿಂದ.

ಆ ಕ್ಯಾಸೆಟ್ಟುಗಳಲ್ಲಿ ಒಂದನ್ನು ನಾನು ತೇಯುವಷ್ಟು ಕೇಳಿದ್ದೆ. ಹುಡುಗಿ ಗಂಡನಿಗೆ ಎದುರು ಮಾತಾಡಿ ತನ್ನ ಕೋಣೆಗೆ ಹೋಗುತ್ತಾಳೆ. ಬಾಗಿಲು ಮುಚ್ಚಿದ ಸದ್ದು. ಬೀಗದ ಕೋಣೆಯ ರಾಗ ಶುರುವಾಗುತ್ತದೆ. ಅದರ ಮೇಲೆ ಇನ್ನೊಂದು ಬಾಗಿಲು ಧಡ್ ಅನ್ನುತ್ತದೆ, ಏನೋ ಪಾತ್ರೆ ಬಿದ್ದು ಉರುಳುತ್ತದೆ, ಆಮೇಲೆ ಹೆಂಗಸೊಬ್ಬಳು ಅಳುತ್ತಾಳೆ. ಸೀರಿಯಲ್ಲಿನವರು ಅಳುವ ಹಾಗೆ ರಾಗ ಎಳೆದು ಅಲ್ಲ. ಬಾಯಿಗೆ ಬಟ್ಟೆ ತುರುಕಿಕೊಂಡ ಹಾಗೆ, ಉಸಿರು ಸಿಕ್ಕಿಹಾಕಿಕೊಂಡ ಹಾಗೆ. ಅಳು ಮೊದಲು ದೂರ, ಮತ್ತೆ ಹತ್ತಿರ, ಮತ್ತೂ ಹತ್ತಿರ. ಕೊನೆಗೆ ಕಿವಿಯ ಪಕ್ಕದಲ್ಲೇ ಒಂದು ಉಸಿರು, ಟಕ್ ಅಂತ ಒಂದು ಸದ್ದು, ಮೌನ. ಸತ್ತ ಮೊದಲ ಹೆಂಡತಿಯ ದೆವ್ವವೇ ನನ್ನ ಹತ್ತಿರ ನಡೆದು ಬಂತು ಅಂತ ನಾನು ತಿಳಿದಿದ್ದೆ.

ಈ ಅಳುವಿನ ವಿಷಯ ನಾನು ಭಾಭಿಯ ಮನೆಯಲ್ಲಿ ಮೊದಲ ವಾರದಿಂದಲೇ ಕೊಚ್ಚಿಕೊಳ್ಳುತ್ತಿದ್ದೆ. "ಆ ಕಂತು ಬರಲಿ, ನೀವೆಲ್ಲ ಹೆದರಿ ಮುಸುಕು ಹಾಕ್ತೀರಿ" ಅಂತ. ಟೀಚರ್ ಮಾತ್ರ ಹುಬ್ಬು ಗಂಟು ಹಾಕಿ, "ಹಾಗೆ ಅಳುವ ದೃಶ್ಯ ನನಗೆ ನೆನಪಿಲ್ಲವಲ್ಲ" ಅಂದರು. ನನಗೆ ಸಿಟ್ಟು ಬಂತು. ನೋಡಿದವರಿಗೆ ನೆನಪಿಲ್ಲದಿದ್ದರೆ ನಾನೆಂತ ಮಾಡಲಿ?

ಆ ಕಂತು ಬಂತು. ಹುಡುಗಿ ಗಂಡನಿಗೆ ಎದುರು ಮಾತಾಡಿದಳು. ಪ್ರತಿ ಮಾತೂ ನನಗೆ ಬಾಯಿಪಾಠ, ಅವಳಿಗಿಂತ ಮೊದಲು ನಾನೇ ಹೇಳುತ್ತಿದ್ದೆ. ಬಾಗಿಲು ಮುಚ್ಚಿತು. ರಾಗ ಶುರುವಾಯಿತು. "ಈಗ, ಈಗ" ಅಂದೆ. ಹುಡುಗಿ ಮಂಚದ ಮೇಲೆ ಕೂತು ಕಿಟಕಿಯ ಹೊರಗೆ ನೋಡಿದಳು. ನೋಡುತ್ತಲೇ ಇದ್ದಳು. ರಾಗ ತನ್ನಷ್ಟಕ್ಕೆ ಹೋಗುತ್ತಿತ್ತು. ಅವಳು ದೀಪ ಆರಿಸಿದಳು, ಅತ್ತೆ ಬಂದು ಬಾಗಿಲಿಗೆ ಕಿವಿಗೊಟ್ಟಳು, ಹೆಸರುಗಳು ಬಂದವು, ಕಂತು ಮುಗಿಯಿತು. ಬಾಗಿಲು ಧಡ್ ಅನ್ನಲಿಲ್ಲ, ಪಾತ್ರೆ ಬೀಳಲಿಲ್ಲ, ಯಾರೂ ಅಳಲಿಲ್ಲ.

"ಕತ್ತರಿಸಿದ್ದಾರೆ" ಅಂದೆ ನಾನು. "ಯೂಟ್ಯೂಬಿಗೆ ಹಾಕುವಾಗ ಒಳ್ಳೆಯ ಭಾಗವೇ ಹಾರಿಸಿದ್ದಾರೆ, ಬುದ್ಧಿ ಬೇಡವಾ ಅವರಿಗೆ?"

ಭಾಭಿ ಪಾಪ ಇನ್ನೊಮ್ಮೆ ಹಾಕಿದರು. ನಾನು ಬಿಡಲಿಲ್ಲ, ಮೂರನೆಯ ಸಲವೂ ಹಾಕಿಸಿದೆ. ಆಗ ಟೀಚರ್ ತೊಡೆಯ ಮೇಲೆ ತಾಳ ಹಾಕುತ್ತ ಆ ರಾಗವನ್ನು ಮೊದಲಿನಿಂದ ಕೊನೆಯವರೆಗೆ ಟಿವಿಯ ಜೊತೆಗೇ ಗುನುಗಿದರು. "ನೋಡಿ, ಎಲ್ಲಿಯೂ ತಾಳ ತಪ್ಪಲಿಲ್ಲ. ಕತ್ತರಿಸಿದ್ದರೆ ರಾಗವೂ ಕಡಿಯಬೇಕಿತ್ತು. ಇಲ್ಲಿ ಅಳು ಇರಲೇ ಇಲ್ಲ. ನೀವು ಬೇರೆ ಯಾವುದರದ್ದೋ ನೆನಪು ಇದಕ್ಕೆ ಸೇರಿಸಿದ್ದೀರಿ, ಅಷ್ಟೇ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಉಳಿದವರು ನಕ್ಕರು, ನಾನೂ ಹಲ್ಲು ಕಿರಿದೆ.

ವಾಪಸ್ ಕಾರಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಆ ಟಕ್ ಅನ್ನುವ ಸದ್ದು. ಅದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ ಸದ್ದು ಅಂತ ಯಾವ ಮಗುವಿಗೂ ಗೊತ್ತಾಗುತ್ತದೆ. ಅಳುತ್ತಿದ್ದವಳು ಹತ್ತಿರ ಬಂದಳು, ಬಂದು ಗುಂಡಿ ಒತ್ತಿದಳು. ಆ ಮನೆಯಲ್ಲಿ ರೆಕಾರ್ಡರ್ ಮುಟ್ಟುತ್ತಿದ್ದದ್ದು ಒಬ್ಬಳೇ. ಮತ್ತೆ ನೆನಪಾಯಿತು, ಆ ಕ್ಯಾಸೆಟ್ಟಿನಲ್ಲಿ ಬಾಗಿಲು ಧಡ್ ಅಂದ ನಂತರ ಅಕ್ಕ ಕಥೆ ಹೇಳಿಯೇ ಇರಲಿಲ್ಲ. ಯಾ ಅಲ್ಲಾಹ್, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು ನಾನು! ಅವಳು ಅಳುವುದನ್ನು ಅದುವರೆಗೆ ಕೇಳಿರಲಿಲ್ಲ ಅಂತ ಈಗ ಹೇಳಬಹುದು. ಅದು ನೆಪ. ಕಿವಿಯಿದ್ದೂ ಕಿವುಡಿ ಅಂದರೆ ನಾನೇ.

ಯಾರು ನಂಬಬೇಕು, ಹೇಳಿ? ಅಕ್ಕನ ಗಂಡ, ನಮ್ಮ ಭಾವ ಅಂದರೆ ಊರಿಗೆಲ್ಲ ಬಂಗಾರದ ಮನುಷ್ಯ. ಮೆಲ್ಲನೆ ಮಾತು, ಬಿಳಿ ಅಂಗಿ, ಬಟ್ಟೆ ಅಂಗಡಿ. ಮಸೀದಿಯ ಜಮಾತಿನಲ್ಲಿ ಗಂಡ ಹೆಂಡತಿಯ ಜಗಳ ಬಂದರೆ ಪಂಚಾತಿಕೆಗೆ ಕರೆಯುತ್ತಿದ್ದದ್ದು ಅವನನ್ನೇ. ಊರಿಗೆ ಉಪಕಾರಿ, ಮನೆಗೆ ಮಾರಿ. ಪ್ರತಿ ರಜೆಗೂ ಅವನಿಗೆ ಅತ್ತರು, ವಾಚು, ಕಂಬಳಿ ಹೊತ್ತುಕೊಂಡು ಹೋದವಳು ನಾನು.

ಗಂಡನಿಗೆ ಹೇಳಿದೆ. ಅವರು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿಕೊಂಡು ಎದುರು ನೋಡುತ್ತ, "ನನಗೆ ಆಗಲೇ ಸಂಶಯ ಬಂದಿತ್ತು" ಅಂದರು. ನೀನು ಆ ಕ್ಯಾಸೆಟ್ ಹಾಕುವಾಗ ಎರಡು ಸಲ ಕೇಳಿದ್ದೆ, ಸೀರಿಯಲ್ಲಿನದ್ದು ಹಾಗಿರುವುದಿಲ್ಲ ಅನಿಸಿತು, ಅಂದರು.

"ಮತ್ತೆ ಹೇಳಲಿಲ್ಲ ಎಂತಕ್ಕೆ?"

"ಅವರ ಮನೆಯ ವಿಷಯ. ಮತ್ತೆ ನನಗೆ ಇಲ್ಲಿ ಕೆಲಸ ಆದದ್ದೂ ಭಾವ ಒಬ್ಬರಿಗೆ ಹೇಳಿ ಅಲ್ಲವಾ? ಈಗ ಹಳೇ ಕಥೆ ಎಂತಕ್ಕೆ, ಬಿಡು ಮಾರಾಯ್ತಿ."

ಗೊಣಗದೆ ಅವರು ಮಾಡಿದ ಕೆಲಸ ಕೊನೆಗೂ ಒಂದು ಸಿಕ್ಕಿತು. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು. ಮನೆಗೆ ಬಂದು ನಾನು ಅವರಿಗೆ ಚಾ ಮಾಡಿಕೊಡಲಿಲ್ಲ. ನನ್ನಿಂದ ಆದದ್ದು ಅಷ್ಟೇ.

ಮರುದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ. ಭಾವನಿಗೆ ಪಾರ್ಶ್ವವಾಯು ಬಡಿದು ಮೂರು ವರ್ಷವಾಗಿದೆ, ಮಲಗಿದಲ್ಲೇ ಎಲ್ಲ. ಆಗಷ್ಟೇ ಗಂಜಿ ಕುಡಿಸಿ, ಬಾಯಿ ಒರೆಸಿ, ಹೊರಗೆ ಬಂದು ಕೂತಿದ್ದಳಂತೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಅಕ್ಕಾ, ಬಂಗಲೆ ಸೀರಿಯಲ್ಲಿನ ಒಂದು ಕ್ಯಾಸೆಟ್ಟಿನಲ್ಲಿ ಅಳು ಇತ್ತು. ಅದು ನೀನಾ?"

ಲೈನ್ ಕಡಿಯಿತೇನೋ ಅಂತ ನಾನು ಹಲೋ ಹಲೋ ಅಂದೆ.

"ಇದ್ದೇನೆ" ಅಂದಳು. "ಈಗ ಗೊತ್ತಾಯಿತಾ ನಿನಗೆ?"

ಗೊತ್ತಿಲ್ಲದೆ ಕಳಿಸಿದೆಯಾ ಅಂತ ಕೇಳಿದೆ. ಇನ್ನೂ ಒಂದು ಸಣ್ಣ ಆಸೆ ನನಗೆ, ಅವಳು ನೋಡದೆ ಕಳಿಸಿರಬಹುದು ಅಂತ.

"ಗೊತ್ತಿದ್ದೇ ಕಳಿಸಿದ್ದು. ಕಾಗದ ಬರೆದರೆ ಅವರು ಓದಿಯೇ ಅಂಚೆಗೆ ಹಾಕ್ತಿದ್ದದ್ದು. ಫೋನ್ ಇದ್ದದ್ದು ಅಂಗಡಿಯಲ್ಲಿ. ಕ್ಯಾಸೆಟ್ ಒಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಹೆಂಗಸರ ಸೀರಿಯಲ್ ಅಂತ. ನೀನು ಕೇಳಿದರೆ ತವರಿಗೆ, ಉಮ್ಮನಿಗೆ ಬರೀತಿ, ಅಣ್ಣ ಬಂದು ಕರ್ಕೊಂಡು ಹೋಗ್ತಾನೆ ಅಂತ ನಾನು ಎಣಿಸಿದೆ."

ಅವಳೇ ಮುಂದುವರಿಸಿದಳು, ಬೇರೆ ಯಾರದ್ದೋ ಮನೆಯ ಸುದ್ದಿ ಹೇಳುವ ಸ್ವರದಲ್ಲಿ.

"ನಿನ್ನ ಕಾಗದ ಬಂತು. ಅವರೇ ಅಂಗಡಿಯಿಂದ ತಂದು ಓದಿ ಹೇಳಿದ್ದು. ಅಳುವ ಭಾಗ ಭಾರೀ ಚೆಂದ ಇತ್ತು, ಮೂರು ಸಲ ಕೇಳಿದೆ, ಅಂಥದ್ದು ಇನ್ನೂ ಬಂದರೆ ತಪ್ಪದೆ ಕಳಿಸು ಅಂತ ನೀನು ಬರೆದಿದ್ದಿ. ಅವರಿಗೆ ಅರ್ಥ ಆಗಲಿಲ್ಲ. ನಿನ್ನ ತಂಗಿಗೆ ಅಲ್ಲಿ ಬೇರೆ ಕೆಲಸ ಇಲ್ಲವಾ ಅಂತ ನಕ್ಕರು. ನಾನೂ ನಕ್ಕೆ."

ನಾನು ಬರೆದ ಕಾಗದ ಅದು. ಅಕ್ಷರ ಚೆನ್ನಾಗಿರಲೆಂದು ಹೊಸ ಪೆನ್ನಿನಲ್ಲಿ ಬರೆದಿರಬೇಕು, ನನ್ನ ಅಭ್ಯಾಸವೇ ಹಾಗಿತ್ತು. ನಾನು ಫೋನಿನಲ್ಲಿ ಜೋರಾಗಿ ಅತ್ತೆ. ಅತ್ತು, ಈ ವಾರವೇ ಟಿಕೆಟ್ ಮಾಡ್ತೇನೆ, ಬಂದು ನಿನ್ನ ಜೊತೆ ಇರ್ತೇನೆ, ಅವನನ್ನು ಯಾರಾದರೂ ನೋಡಿಕೊಳ್ಳಲಿ, ನೀನು ಆ ಮನೆ ಬಿಟ್ಟು ಬಾ ಅಂದೆ. ಅಕ್ಕ ಸಮಾಧಾನ ಮಾಡಿದಳು, ನನಗೆ!

"ಅಳಬೇಡ. ಈಗ ಬಂದು ಎಂತ ಮಾಡ್ತಿ? ಅವರ ಕೈ ಏಳುವುದಿಲ್ಲ ಈಗ. ಈ ಪ್ರಾಯದಲ್ಲಿ ನಾನು ಎಲ್ಲಿಗೆ ಬರಲಿ? ಆಗ ಹೋಗ್ತಿದ್ದೆ. ಕ್ಯಾಸೆಟ್ ಕಳಿಸಿದ ದಿನವೇ ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿ ಮಂಚದ ಅಡಿಯಲ್ಲಿ ಇಟ್ಟಿದ್ದೆ, ಒಂದು ತಿಂಗಳು ಇಟ್ಟಿದ್ದೆ. ನಿನ್ನ ಕಾಗದ ಬಂದ ಸಂಜೆ ತೆಗೆದು, ಮಡಚಿ, ವಾಪಸ್ ಕಪಾಟಿಗೆ ಹಾಕಿದೆ."