ನಾರಾಯಣಪುರ ದಾರಿಯ ಮೂರು ಅಕ್ಷರಗಳ ತಾರೀಖು

ನಾರಾಯಣಪುರದ ದಾರಿಯಲ್ಲಿ, ಹೊಲವೊಂದರ ಬದುವಿಗೆ ನಿಂತಿದ್ದ ಶಾಸನಕ್ಕೆ ಯಾರೋ ಭಕ್ತರು ದಪ್ಪಗೆ ಸುಣ್ಣ ಬಳಿದದ್ದು ಒಂದು ಸೋಮವಾರ ಮಧ್ಯಾಹ್ನ. ಅದೇ ದಿನ ಬೆಳಗಿನ ಐದು ಗಂಟೆಗೆ ನಾನು ಬ್ಯಾಟರಿಯ ಬೆಳಕನ್ನು ಓರೆಯಾಗಿ ಹಿಡಿದು, ಸವೆದ ಸಾಲಿನಲ್ಲಿ ಅದುವರೆಗೆ ಯಾರೂ ಓದದಿದ್ದ ಮೂರು ಅಕ್ಷರಗಳನ್ನು ಓದಿ, ಅಲ್ಲಿಯೇ ಲ್ಯಾಪ್‌ಟಾಪಿನಲ್ಲಿ ದಾಖಲಿಸಿದ್ದೆ. ಅದರ ಬಗ್ಗೆ ಲೇಖನ ಕಳಿಸಿದಾಗ, ಆ ಓದು ಸುಣ್ಣಕ್ಕಿಂತ ಹಿಂದಿನದೆಂಬುದಕ್ಕೆ ಸಂಶೋಧನ ಪತ್ರಿಕೆಯ ಸಂಪಾದಕರು ಪುರಾವೆ ಕೇಳಿದರು. ಫೈಲಿನ ತಾರೀಖೊಂದೇ ನನ್ನ ಸಾಕ್ಷಿ.

ಅಷ್ಟರಲ್ಲಿ ಆ ಲಿನಕ್ಸ್ ಲ್ಯಾಪ್‌ಟಾಪು ಕೆಟ್ಟಿತ್ತು. ಅದರ ಬ್ಯಾಕಪ್ಪನ್ನು ಹುಮನಾಬಾದಿನ ಕಂಪ್ಯೂಟರ್ ಅಂಗಡಿಯ ಸಾಹೇಬರು ಹೊಸ ವಿಂಡೋಸ್ ಯಂತ್ರಕ್ಕೆ ಇಳಿಸಿಕೊಟ್ಟರು. ಬಸವಕಲ್ಯಾಣಕ್ಕೆ ಮರಳಿ ತೆರೆದರೆ, ‘ರಚಿಸಿದ ದಿನ’ದ ಅಂಕಣದ ಪ್ರಕಾರ ನನ್ನ ಸೇವಾವಧಿಯ ಸಮಸ್ತ ಟಿಪ್ಪಣಿಗಳೂ ಕಳೆದ ಮಂಗಳವಾರ, ಹತ್ತೇ ನಿಮಿಷಗಳಲ್ಲಿ, ಹುಮನಾಬಾದಿನಲ್ಲಿ ಜನ್ಮ ತಾಳಿದ್ದವು. ಇಂತಹ ಸಮೃದ್ಧಿ ಚಾಲುಕ್ಯರ ಆಸ್ಥಾನದಲ್ಲಿಯೂ ದಾಖಲಾಗಿಲ್ಲ. ‘ತಿದ್ದಿದ ದಿನ’ದ ಅಂಕಣ ಮಾತ್ರ ಉಳಿದಿತ್ತು, ಆ ಮೂರು ಅಕ್ಷರಗಳ ಫೈಲಿನ ಎದುರು ಅದು ರವಿವಾರ ರಾತ್ರಿ ಹನ್ನೊಂದೂವರೆ ಎನ್ನುತ್ತಿತ್ತು. ಒಂದು ವ್ಯವಸ್ಥೆ ಗ್ರೀನಿಚ್ ವೇಳೆಯಲ್ಲಿ ಬರೆದಿಟ್ಟದ್ದನ್ನು ಇನ್ನೊಂದು ಭಾರತದ ವೇಳೆಯೆಂದು ಓದಿ, ಐದೂವರೆ ತಾಸು ನುಂಗಿತ್ತು.

ಮರುದಿನವೇ ಅಂಗಡಿಗೆ ಹೋದೆ.

“ಫೈಲ್ ಎಲ್ಲಾ ಬಂದಾವಲ್ರಿ ಸರ್, ತಾರೀಖ ಹಿಡ್ಕೊಂಡು ಯಾಕ ಕುಂತೀರಿ?” ಎಂದರು ಸಾಹೇಬರು.

“ನಾನು ಬರೆದದ್ದು ಸೋಮವಾರ, ಲೇಖನದಾಗೂ ಹಂಗ ಕೊಟ್ಟೀನಿ. ಇದು ರವಿವಾರ ಅನ್ನಾಕತ್ತದ.”

“ರವಿವಾರ ರಾತ್ರಿ ಅಲ್ರಿ? ಹೊತ್ತು ಮುಳುಗಿ ಮಗ್ರಿಬ್ ನಮಾಜ್ ಆತಂದ್ರ ನಮ್ಮಲ್ಲಿ ದಿನ ಬದಲಾಗ್ತದ. ಸೋಮವಾರನ ಆತು!”

 ಶಾಸನಗಳ ತಿಥಿ ಪರಿಶೀಲಿಸುವಾಗ ನಾನು ಸೂರ್ಯೋದಯದಿಂದ ದಿನ ಎಣಿಸುವವನು. ಆ ಲೆಕ್ಕದಂತೆ ಬೆಳಗಿನ ಐದು ಗಂಟೆ ಇನ್ನೂ ರವಿವಾರವೇ. ಯಂತ್ರದ ತಪ್ಪು ನನ್ನ ಶಾಸ್ತ್ರಕ್ಕೆ ಸರಿಹೊಂದುತ್ತಿತ್ತು. ಇದೇ ಒಂದು ದಿನದ ವ್ಯತ್ಯಾಸಕ್ಕಾಗಿ ಎಷ್ಟು ಜನ ಸಹೋದ್ಯೋಗಿಗಳ ಲೇಖನಗಳನ್ನು ವಿಮರ್ಶೆಯಲ್ಲಿ ಚಿಂದಿ ಮಾಡಿದ್ದೆನೋ!

“ಐದೂವರೆ ತಾಸು ಕೂಡಿಸ್ರಿ,” ಎಂದೆ.

ಕಣ್ಣು ಮಿಟುಕಿಸುವುದರೊಳಗೆ ಸೋಮವಾರ ಮೂಡಿತು. “ಇಲ್ಲಾ, ಹಿಂದಕ್ಕ ಬೇಕೇನ್ರಿ? ಹೇಳ್ರಿ, ನಿಜಾಮರ ಕಾಲಕ್ಕ ಒಯ್ಯಾಕ ಬರಂಗಿಲ್ಲ, ಅದರ ಈಚೆ ಯಾವುದರೆ ಹಾಕತೇನಿ.”

ಯಾವ ತಾರೀಖು ಬೇಕಾದರೂ ದೊರೆಯುವ ಕಡೆಯಿಂದ ತಂದ ಸತ್ಯವನ್ನು ಸಾಕ್ಷಿ ಎನ್ನಲು ಮನಸ್ಸೊಪ್ಪಲಿಲ್ಲ. ತಾರೀಖು ನನ್ನ ಸೂಚನೆಯಂತೆ ತಿದ್ದಿದ್ದೆಂದು ಸಂಪಾದಕರಿಗೆ ಎರಡು ಪುಟ ಬರೆದೆ. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿ ಅವರು ಲೇಖನವನ್ನು ಅಚ್ಚು ಹಾಕಿದರು. ಮೂರು ಅಕ್ಷರಗಳೂ ಅದರಲ್ಲಿದ್ದವು, ಚೌಕ ಕಂಸದೊಳಗೆ. ನಮ್ಮ ಶಾಸ್ತ್ರದಲ್ಲಿ ಆ ಕಂಸಕ್ಕೆ ಒಂದೇ ಅರ್ಥ: ಕಲ್ಲಿನಲ್ಲಿ ಕಂಡದ್ದಲ್ಲ, ಓದಿದವನು ಊಹಿಸಿದ್ದು.