ಕುಂಬಳದ ಹೂವಿನ ಕೆಳಗಿನ ಎಳೆ

ಕುಂಭಕೋಣದ ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಕೋಮಳವಲ್ಲಿಯ ಮನೆ ಹುಡುಕಲು ನಂಬರು ಬೇಕಿಲ್ಲ. ಹೋಗಿಬರುವವರೆಲ್ಲ ಯಾವ ಬಾಗಿಲ ಮುಂದೆ ಹೆದರಿ ಪಕ್ಕಕ್ಕೆ ಸರಿಯುತ್ತಾರೋ ಅದೇ ಅವಳ ಮನೆ. ಅವಳ ರಂಗೋಲಿ ತುಳಿದು ಬೈಸಿಕೊಳ್ಳದವರು ಆ ಬೀದಿಯಲ್ಲಿಲ್ಲ. ಹಾಲಿನ ಮಾಣಿಕ್ಕಂ ಅಂತೂ ದಿನಾ ಗೋಡೆಗೆ ಬೆನ್ನು ಉಜ್ಜಿಕೊಂಡೇ ಒಳಗೆ ಬರುತ್ತಾನೆ.

ಮೊದಲು ಹೀಗಿರಲಿಲ್ಲ, ಪಾಪ. ಬೀದಿಗೆಲ್ಲ ದೋಸೆಹಿಟ್ಟು ರುಬ್ಬಿ ಕೊಡುವ ಐವತ್ತೆಂಟು ವರ್ಷದ ಹೆಂಗಸು. ಬೆಳಗಾಗೆದ್ದು ಬಾಗಿಲಿಗೆ ಸಗಣಿ ನೀರು ಹಾಕಿ, ಅಕ್ಕಿಹಿಟ್ಟಿನಲ್ಲಿ ಎಳೆ ಎಳೆದು, ಅದನ್ನು ಇರುವೆಗಳಿಗೆ ಬಿಟ್ಟು ಕೆಲಸಕ್ಕೆ ಕೂರುತ್ತಿದ್ದಳು. ಮೂರು ವರ್ಷದ ಕೆಳಗೆ ಮಗಳು ಫೋನು ಕೊಡಿಸಿ, ಹದಿನಾಲ್ಕು ಸಾವಿರ ಹೆಂಗಸರಿರುವ ರಂಗೋಲಿ ಗುಂಪಿಗೆ ಸೇರಿಸಿದಳು ನೋಡಿ, ಅಲ್ಲಿಂದ ಶುರು. ಅಕ್ಕಿಹಿಟ್ಟು ಫೋಟೋದಲ್ಲಿ ಮಂಕಾಗುತ್ತದೆಂದು ಕಲ್ಲುಪುಡಿ ಬಂತು, ಇರುವೆಗಳಿಗೆ ಉಪವಾಸ. ಬಿಸಿಲು ಬಂದ ಮೇಲೆ ಕುರ್ಚಿ ಹತ್ತಿ ಫೋಟೋ ತೆಗೆಯಬೇಕು, ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ಕಾಲಿಡಕೂಡದು. ಕುರ್ಚಿ ಹಿಡಿಯುವುದು ಗಂಡ ಶಾರಂಗಪಾಣಿ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ಊರನ್ನೇ ಹಿಂದಕ್ಕೆ ಮುಂದಕ್ಕೆ ಸರಿಸಿದವನು ಈಗ ತನ್ನ ಗತಿ ಇದೆಂದು ಗೊಣಗುತ್ತಲೇ ಹಿಡಿಯುತ್ತಿದ್ದ.

ವರ್ಷವೆಲ್ಲ ಜಂಬದ ಹೆಂಗಸು, ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಮೊದಲ ದಿನ ಮಾತ್ರ ಕುಗ್ಗುತ್ತಿದ್ದಳು. ಅಂದು ಅವಳಮ್ಮ ಹಾಕುತ್ತಿದ್ದುದು ಹತ್ತೊಂಬತ್ತು ಚುಕ್ಕಿಯ, ಒಂದೇ ಎಳೆಯ ರಂಗೋಲಿ. ಎಳೆ ಎಲ್ಲೆಲ್ಲೋ ಸುತ್ತಿ, ಶುರುವಾದಲ್ಲಿಗೇ ಬಂದು ಸೇರಬೇಕು. ಅಮ್ಮ ಅದನ್ನು ಎಲ್ಲೂ ಬರೆದಿಡದೆ ಹೋಗಿಬಿಟ್ಟಳು. ಕೋಮಳವಲ್ಲಿಯ ಕೈಗೆ ಎಲ್ಲ ನೆನಪಿದೆ, ಎಡಮೂಲೆಯ ಒಂದು ತಿರುವು ಬಿಟ್ಟು. ಅಲ್ಲಿ ಬಂದು ಎಳೆ ನಿಂತುಬಿಡುತ್ತದೆ. ಮನೆ ಬಾಗಿಲಲ್ಲಿ ಸೇರದ ಎಳೆ ಇರಬಾರದು. ಹಾಗಾಗಿ ಮಾರ್ಗಳಿಯಲ್ಲಿ ರಂಗೋಲಿಯ ನಡುವೆ ಸಗಣಿ ಉಂಡೆಗೆ ಸಿಕ್ಕಿಸಿಡುವ ಕುಂಬಳದ ಹೂವನ್ನು ಅವಳು ಎಡಮೂಲೆಗೆ ತಂದು, ತಪ್ಪಿನ ಮೇಲೆ ಕೂರಿಸುತ್ತಿದ್ದಳು.

ಈ ವರ್ಷವೂ ಹಾಗೇ ಕೂರಿಸಿ, ಅಮ್ಮನ ರಂಗೋಲಿ ಎಂದು ಬರೆದು ಗುಂಪಿಗೆ ಹಾಕಿದಳು. ಮಧ್ಯಾಹ್ನದೊಳಗೆ ಸಾವಿರದ ಇನ್ನೂರು ಲೈಕು. ಸೂಪರ್ ಅಕ್ಕ, ಬಂಗಾರದ ಕೈ ಅಕ್ಕ. ಅದರ ನಡುವೆ ಸಾತ್ತೂರಿನ ತಿಲಗವತಿ ಎಂಬವಳದು ಒಂದು ಸಾಲು: "ಅಕ್ಕ, ಹೂವು ಯಾಕೆ ನಡುವೆ ಇಲ್ಲ? ಅದರ ಕೆಳಗೆ ಎಳೆ ಸೇರಿಲ್ಲ ಅನ್ಸುತ್ತೆ."

ಕೋಮಳವಲ್ಲಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಬೈಯಬೇಕಾಗಲಿಲ್ಲ, ಗುಂಪೇ ತಿಲಗವತಿಯ ಮೇಲೆ ಬಿತ್ತು. ಹೊಟ್ಟೆಕಿಚ್ಚಿನವಳು ಎಂದರು; ತಾನೊಂದು ದಿನವೂ ರಂಗೋಲಿ ಹಾಕದೆ ಇನ್ನೊಬ್ಬರ ತಪ್ಪು ಹುಡುಕುವವಳು ಎಂದರು. ಸಂಜೆಗೆ ಗುಂಪು ನಡೆಸುವಾಕೆ ಕೋಮಳವಲ್ಲಿಯನ್ನೇ ಕೇಳಿದಳು, ತಿಲಗವತಿಯನ್ನು ಹೊರಗೆ ಹಾಕಿಬಿಡಲೇ ಎಂದು. ಹೂಂ ಎಂದರೆ ಸಾಕಿತ್ತು, ಹೂವಿನ ಕೆಳಗಿನ ಗುಟ್ಟು ಅಲ್ಲೇ ಉಳಿಯುತ್ತಿತ್ತು.

ಗಂಡನಿಗೆ ಓದಿ ಹೇಳಿದಳು. ಅವನು ಟೀವಿಯಿಂದ ಕಣ್ಣು ತೆಗೆಯದೆ ಕೇಳಿದ: "ಅವಳು ಹೇಳಿದ್ದು ಸುಳ್ಳೇನೇ?"

ಅವಳು ಫೋನು ಹಿಡಿದು ಅಡುಗೆಮನೆಗೆ ಹೋದಳು. ಹದಿನಾಲ್ಕು ಸಾವಿರ ಜನರಲ್ಲಿ ಅಮ್ಮನ ರಂಗೋಲಿಯನ್ನು ನಿಜವಾಗಿ ನೋಡಿದವಳು ಒಬ್ಬಳೇ, ಅವಳ ಮೇಲೇ ತನ್ನ ಕೋಪ! ನಾಚಿಕೆಯಾಯಿತು. ಗುಂಪಿನ ಹೊರಗೆ ತಿಲಗವತಿಯೊಬ್ಬಳಿಗೇ ಬರೆದಳು, ನಿನಗೆ ಹೇಗೆ ಗೊತ್ತಾಯಿತು ಎಂದು.

ಉತ್ತರ ಧ್ವನಿಯಲ್ಲೇ ಬಂತು. "ಬೇಜಾರಾಗಬೇಡಿ ಅಕ್ಕ. ನಮ್ಮತ್ತೆ ಐದು ತಿಂಗಳ ಹಿಂದೆ, ಆಡಿಯಲ್ಲಿ ಹೋಗಿಬಿಟ್ರು. ವರ್ಷ ತುಂಬೋವರೆಗೆ ಬಾಗಿಲಿಗೆ ರಂಗೋಲಿ ಇಲ್ಲ. ಅದಕ್ಕೇ ನಿಮ್ಮೆಲ್ಲರದರ ಮೇಲೂ ಬೆರಳಿಟ್ಟು ಎಳೆ ಹಿಡ್ಕೊಂಡು ಹೋಗ್ತೀನಿ, ಕೈ ಮರೀಬಾರದು ಅಂತ. ನಿಮ್ಮ ಹೂವಿನ ಹತ್ರ ಬೆರಳು ನಿಂತುಹೋಯ್ತು."

ಹಿಂದೆಯೇ ನೋಟ್‌ಬುಕ್ಕಿನ ಒಂದು ಹಾಳೆಯ ಫೋಟೋ ಬಂತು. ಆ ಮೂಲೆಯನ್ನು ಸೇರಿಸಲು ಮೂರು ದಾರಿ ಬರೆದಿದ್ದಳು. ಕೋಮಳವಲ್ಲಿ ಅಡುಗೆಮನೆ ನೆಲದ ಮೇಲೆ ಹಿಟ್ಟುದುರಿಸಿ ಒಂದೊಂದಾಗಿ ಎಳೆದಳು. ಮೊದಲನೆಯದು ಅಲ್ಲ, ಎರಡನೆಯದೂ ಅಲ್ಲ. ಮೂರನೆಯದಕ್ಕೆ ಕೈ ತಾನಾಗಿ ತಿರುಗಿತು. ಅಮ್ಮನ ಕೈ ಹೀಗೇ ಹಿಂದಕ್ಕೆ ಹೋಗಿ ಒಳಗಿನಿಂದ ಬರುತ್ತಿತ್ತು. ಅಲ್ಲೇ ಕೂತು ಚೆನ್ನಾಗಿ ಅತ್ತಳು.

ಮರುದಿನ ಮುಂಜಾನೆ ಅಕ್ಕಿಹಿಟ್ಟಿನ ಡಬ್ಬ ಹೊರಗೆ ಬಂತು. ಎಳೆ ಸೇರಿತು, ಹೂವು ನಡುವೆ ಕೂತಿತು. ನಿನ್ನೆ ತಾನು ತಪ್ಪು ಮುಚ್ಚಿಟ್ಟಿದ್ದು ಹೌದು, ತಿಲಗವತಿ ಹೇಳಿದ್ದೇ ನಿಜ, ಅವಳನ್ನು ಕಳಿಸುವುದಾದರೆ ತನ್ನನ್ನೂ ಕಳಿಸಿ ಎಂದು ಫೋಟೋದ ಕೆಳಗೆ ಬರೆದಳು. ಲೈಕು ಇನ್ನೂರು ದಾಟಲಿಲ್ಲ. ನಿನ್ನೆಯದೇ ಚೆನ್ನಾಗಿತ್ತು ಅಕ್ಕ ಎಂದಳು ಒಬ್ಬಳು ಪುಣ್ಯಾತ್ಗಿತ್ತಿ.

ಅದರ ಮಾರನೆಯ ದಿನ ಹಾಲು ತಂದ ಮಾಣಿಕ್ಕಂ ಅಭ್ಯಾಸದಂತೆ ಗೋಡೆಗೆ ಅಂಟಿಕೊಂಡು ನಿಂತ. ಬಾಗಿಲಲ್ಲಿ ಎರಡು ರಂಗೋಲಿ ಇದ್ದವು, ಒಂದು ದೊಡ್ಡದು, ಪಕ್ಕದಲ್ಲೊಂದು ಚಿಕ್ಕದು. ಎರಡಕ್ಕೂ ಇರುವೆ ಹತ್ತಿತ್ತು. ಇದೇನಮ್ಮ ಎರಡೆರಡು ಎಂದು ಕೇಳಿದ.

"ದೊಡ್ಡದು ನಮ್ಮದು, ತುಳಿದ್ರೂ ಪರವಾಗಿಲ್ಲ ಬಾ," ಎಂದಳು ಕೋಮಳವಲ್ಲಿ, ಪಾತ್ರೆ ಮುಂದೆ ಹಿಡಿದು. "ಚಿಕ್ಕದು ಮಾತ್ರ ಬಳಸ್ಕೊಂಡು ಬಾ. ಅದು ಸಾತ್ತೂರಿನ ತಿಲಗವತಿ ಬಾಗಿಲಿಂದು."