ನನ್ನ ಮೊಳ, ಅಪ್ಪಲಮ್ಮನ ನಿದ್ದೆ

ಇವತ್ತು ಬೀರುವಿನ ಹಿಂದಿನಿಂದ ಹಳೆಯ ಚಾಪೆ ತೆಗೆದು ಕೊಡವಿದೆ ನೋಡಿ, ಮಲ್ಲಿಗೆಯ ಒಂದು ಒಣಮೊಗ್ಗು ಉದುರಿತು. ವಿಜಯವಾಡದ ಈ ಮನೆಗೆ ಬಂದು ಎರಡು ವರ್ಷವಾದರೂ ನಮ್ಮ ಚಾಪೆ ಇನ್ನೂ ವಿಶಾಖಪಟ್ಟಣ ಬಿಟ್ಟಿಲ್ಲ.

ಯಜಮಾನರದು ಬ್ಯಾಂಕಿನ ಕೆಲಸ. ವರ್ಗವಾದ ಕಡೆಯೇ ನಮ್ಮ ಊರು. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಮ್ಮ ಮೆಟ್ಟಿಲ ಕೆಳಗೆ ಅಪ್ಪಲಮ್ಮ ಹೂವು ಮಾರುತ್ತಿದ್ದಳು. ಕೋಳಿ ಕೂಗುವ ಮುಂಚೆ ಮಾರ್ಕೆಟ್ಟಿಗೆ ಓಡಬೇಕು. ಮನೆಯೋ, ತಗಡಿನ ಸೂರಿನ ಒಂದೇ ಕೋಣೆ, ಐದು ಜನ, ಹಗಲೆಲ್ಲ ಕಾದ ಕಾವಲಿ. ನಿದ್ದೆ ಎಲ್ಲಿಂದ ಬರಬೇಕು? ತೂಕಡಿಸುತ್ತಲೇ ಹೂವು ಕಟ್ಟುತ್ತಿದ್ದಳು. "ಇದರಲ್ಲಿ ಹೂವೆಲ್ಲಿದೆಯಮ್ಮ, ಬರೀ ದಾರ" ಎಂದು ಗಿರಾಕಿಗಳು ಮೂಲೆಯ ಅಂಗಡಿಗೆ ತಿರುಗಿಕೊಂಡರು. ಹೀಗೇ ಆದರೆ ಬುಟ್ಟಿ ಎತ್ತಿಡುವುದೇ ಗತಿ.

"ಮೇಲೆ ಬಂದು ವರಾಂಡದಲ್ಲಿ ಚಾಪೆ ಮೇಲೆ ಒಂದು ಗಂಟೆ ಮಲಗು" ಎಂದೆ ಒಂದು ಮಧ್ಯಾಹ್ನ, ನನ್ನ ಹರಕು ತೆಲುಗಿನಲ್ಲಿ.

"ಏಟಮ್ಮಾ, ಏನಂತೀರಿ, ನಾನು ಮಲಗಿದರೆ ನಮ್ಮನೆ ಒಲೆಯೂ ಮಲಗುತ್ತೆ!"

"ನಾಲ್ಕಕ್ಕೆ ಎಬ್ಬಿಸ್ತೀನಿ. ಸಿಂಹಾಚಲದ ಅಪ್ಪನ್ನ ಸ್ವಾಮಿಯ ಆಣೆ."

ಆಣೆಯೇನೋ ಇಟ್ಟೆ. ನಾಲ್ಕಕ್ಕೆ ಹೋಗಿ ನೋಡಿದರೆ ಬಾಯಿ ತೆರೆದುಕೊಂಡು ಮಗುವಿನ ಹಾಗೆ ಮಲಗಿದ್ದಾಳೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಶುಕ್ರವಾರ ಬೇರೆ, ಕೆಳಗೆ ಹೆಂಗಸರು ಕಾಯುತ್ತಿದ್ದರು. ಅವಳು ಕಟ್ಟಿಟ್ಟಿದ್ದ ಹೂವಿನ ಬುಟ್ಟಿ ಮುಂದಿಟ್ಟುಕೊಂಡು ನಾನೇ ಕೂತೆ.

ಹೂವು ಅಳೆಯುವುದು ಮಾರುವವಳ ಕೈಯಿಂದ ತಾನೆ? ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಅಪ್ಪಲಮ್ಮ ಕುಳ್ಳಿ; ನಾನು ನಮ್ಮನೆಯವರಿಗಿಂತ ಎತ್ತರ. ಇದು ನನಗೆ ಹೊಳೆಯಲೇ ಇಲ್ಲ! ಆರು ಗಂಟೆಗೆ ಗಾಬರಿಯಾಗಿ ಇಳಿದು ಬಂದವಳು ಖಾಲಿ ಬುಟ್ಟಿ ನೋಡಿದಳು. ನನ್ನ ಕೈ ಹಿಡಿದೆಳೆದು ತನ್ನ ಕೈ ಪಕ್ಕ ಇಟ್ಟು ನೋಡಿದಳು.

"ಅಮ್ಮಗಾರೂ, ನನ್ನ ವ್ಯಾಪಾರ ಮುಳುಗಿಸಿಬಿಟ್ಟಿರಿ!" ಎಂದು ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು.

ಹೆಚ್ಚಿಗೆ ಹೋದ ಹೂವಿನ ದುಡ್ಡನ್ನು ಅಪ್ಪನ್ನನಿಗೆ ತಪ್ಪುಕಾಣಿಕೆ ಎಂದುಕೊಂಡು ಅವಳ ಕೈಗೇ ಇಟ್ಟೆ. ಮಾರನೆಯ ದಿನದಿಂದ ಮೊದಲು ನಿದ್ದೆ, ಆಮೇಲೆ ದಾರ. ಸಂಜೆ ನೋಡಿದರೆ ಬಿಟ್ಟುಹೋದ ಗಿರಾಕಿಗಳೆಲ್ಲ ಹಾಜರು: "ಆ ದೊಡ್ಡ ಮೊಳದಮ್ಮ ಎಲ್ಲಿ?"

"ಅವರಿಗೆ ರಜೆ. ಹೂವು ನೋಡಿ, ಎಷ್ಟು ಒತ್ತಾಗಿ ಕಟ್ಟಿದ್ದೀನಿ!"

ಸುಳ್ಳಲ್ಲ. ಮಲಗಿ ಎದ್ದ ಕೈಯಲ್ಲಿ ಮೊಗ್ಗಿಗೆ ಮೊಗ್ಗು ಅಂಟಿಕೊಂಡು ಕೂರುತ್ತಿತ್ತು. ನಾವು ಊರು ಬಿಡುವ ಹೊತ್ತಿಗೆ ಅವಳ ಪಕ್ಕ ಎರಡನೆಯ ಬುಟ್ಟಿ ಬಂದಿತ್ತು.

ಚಾಪೆ ಯಾಕೆ ತೆಗೆದೆ ಅಂದಿರಾ? ಗೇಟಿನ ಮುಂದೆ ಟೊಮೆಟೊ ಮಾರುವ ಮಂಗಮ್ಮ ನಿನ್ನೆ ಕೂತಲ್ಲೇ ತೂಕಡಿಸಿ ತಕ್ಕಡಿ ಬೀಳಿಸಿದಳು. ಈಗ ನಮ್ಮ ವರಾಂಡದಲ್ಲಿ ಗೊರಕೆ. ದೇವರು ನನಗೆ ಒಬ್ಬರು ಮಲಗುವಷ್ಟು ನೆರಳು ಹೆಚ್ಚಿಗೆ ಕೊಟ್ಟಿದ್ದಾನೆ, ಸಾಕಲ್ಲ. ಈ ಸಲ ಆಣೆ ಮಾತ್ರ ಇಟ್ಟಿಲ್ಲ. ಗಂಟೆ ನಾಲ್ಕಾಯಿತು, ತಕ್ಕಡಿ ಹಿಡಿಯುವುದು ಕಲಿಯೋಣವೆಂದು ಕೆಳಗೆ ಹೊರಟಿದ್ದೇನೆ.